ಒಂದನೇ, ಎರಡನೇ ಕ್ಲಾಸಿನ ಮಕ್ಕಳ ಓದಿನ ಬಗ್ಗೆ

ಪ್ರೀತಿಯ ಪೋಷಕರೇ, ನಮಸ್ಕಾರ.

ಕಳೆದ ಶನಿವಾರದ ಸಭೆಯಲ್ಲಿ ಒಬ್ಬ ತಾಯಿ ಕೇಳಿದರು: "ಮೇಡಂ, ಸ್ಕೂಲ್ ಶುರುವಾಗಿ ಎರಡು ತಿಂಗಳಾಯ್ತು, ನಮ್ಮ ಹುಡುಗನಿಗೆ ಅ ಆ ಇ ಈನೇ ಪೂರ್ತಿ ಬರಲ್ಲ. ಏನು ಹೇಳಿಕೊಡ್ತಿದ್ದೀರಿ?" ಕೇಳಿದ್ದು ಒಳ್ಳೆಯದೇ ಆಯಿತು. ಆ ಗಡಿಬಿಡಿಯಲ್ಲಿ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ, ಅದಕ್ಕೇ ಈ ಪತ್ರ.

ನಲಿ-ಕಲಿಯಲ್ಲಿ, ಅಂದರೆ ಆಡುತ್ತಾ ನಲಿಯುತ್ತಾ ಕಲಿಯುವ ಪದ್ಧತಿಯಲ್ಲಿ, ನಾವು ವರ್ಣಮಾಲೆಯ ಸಾಲು ಹಿಡಿದು ಹೋಗುವುದಿಲ್ಲ. ಮೊದಲು ಕಲಿಸುವುದು ರ, ಗ, ಸ, ದ, ಅ. ಈ ಐದು ಬಂದರೆ ಸಾಕು, ಮಗು ಸರ, ದರ, ಅರಸ, ಅಗಸ ಎಲ್ಲ ಓದುತ್ತದೆ. ಬರೀ ಅ ಆ ಇ ಈ ಕಲಿತ ಮಗುವಿಗೆ ‘ಆ’, ‘ಈ’ ಬಿಟ್ಟರೆ ಓದಲು ಏನು ಸಿಗುತ್ತದೆ ಹೇಳಿ? ‘ಗರಗಸ’ ಎಂದು ತಾನೇ ಕೂಡಿಸಿ ಓದಿದ ದಿನ ಆ ಮುಖ ನೋಡಬೇಕು ನೀವು.

ಎರಡನೇ ಕ್ಲಾಸಿನವರ ಕಷ್ಟ ಬೇರೆ. ಅಲ್ಲಿ ಒತ್ತಕ್ಷರದ ಕಾಟ. ಮೊನ್ನೆ ಒಬ್ಬಳು ‘ಅಜ್ಜಿ ಕತೆ ಹೇಳಿದಳು’ ಎಂಬುದನ್ನು ‘ಅಜ್ಜಿ ಕತ್ತೆ ಹೇಳಿದಳು’ ಎಂದು ಓದಿದಳು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿಗೆ ಅವಳೇ ಕಿಸಕ್ಕನೆ ನಕ್ಕಳು. ಮತ್ತೆ ಬೆರಳಿಟ್ಟು ನೋಡಿ, "ಮಿಸ್, ಇಲ್ಲಿ ಒತ್ತೇ ಇಲ್ಲ" ಎಂದಳು. ನಾನು ಮೊದಲೇ "ತಪ್ಪು" ಅಂದಿದ್ದರೆ ಅವಳು ನನ್ನ ಮುಖ ನೋಡುತ್ತಿದ್ದಳು, ಪುಸ್ತಕವನ್ನಲ್ಲ.

ಈ ಬುದ್ಧಿ ನನಗೆ ತಡವಾಗಿ ಬಂತು. ನನ್ನ ಮಗ ಚಿಕ್ಕವನಿದ್ದಾಗ ಪದಪದಕ್ಕೂ ತಡೆದು ತಿದ್ದುತ್ತಿದ್ದೆ. ಮೂರನೇ ಕ್ಲಾಸಿಗೆ ಬರುವಷ್ಟರಲ್ಲಿ ಪುಸ್ತಕ ತೆಗಿ ಅಂದರೆ ಅವನಿಗೆ ಹೊಟ್ಟೆನೋವು. ಟೀಚರ್ ಮಗನ ಕತೆ ಇದು!

ನೀವು ಮನೆಯಲ್ಲಿ ಜಾಸ್ತಿ ಏನೂ ಮಾಡಬೇಕಿಲ್ಲ. ರಾತ್ರಿ ಊಟಕ್ಕೆ ಮುಂಚೆ ಹತ್ತು ನಿಮಿಷ ಟಿವಿ ಆರಿಸಿ, ಮಗು ಓದುವುದನ್ನು ಪಕ್ಕದಲ್ಲಿ ಕೂತು ಕೇಳಿ. ತಡವರಿಸಿದರೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಆಮೇಲೂ ಬರದಿದ್ದರೆ ಪದ ಹೇಳಿಕೊಟ್ಟು ಮುಂದೆ ಹೋಗಿ. ಮನೆಯಲ್ಲಿ ಅಕ್ಕ ಇದ್ದರೆ ಅವಳೇ ಮುಂದೆ ಬಿದ್ದು ಹೇಳಿಬಿಡುತ್ತಾಳೆ. ಆ ಹೊತ್ತಿಗೆ ಅವಳಿಗೆ ಬೇರೆ ಏನಾದರೂ ಕೆಲಸ ಕೊಡಿ. ಮ-ವ, ಪ-ಷ ಅದಲುಬದಲಾದರೆ ಗಾಬರಿ ಬೇಡ, ಈ ವಯಸ್ಸಿಗೆ ಅದು ಮಾಮೂಲು. ಆದರೆ ಪುಸ್ತಕವನ್ನು ಮೂಗಿಗೆ ತಾಗಿಸಿ ಓದುತ್ತಿದ್ದರೆ ಒಮ್ಮೆ ಕಣ್ಣು ತೋರಿಸಿ.

ಕೆಲವು ಮಕ್ಕಳು ಚಾಲಾಕಿಗಳು. ಪಾಠ ಪೂರ್ತಿ ಬಾಯಿಪಾಠ ಮಾಡಿ, ಕಣ್ಣು ಕಿಟಕಿ ಕಡೆ ಇಟ್ಟುಕೊಂಡೇ ಗಡಗಡ ‘ಓದಿ’ಬಿಡುತ್ತಾರೆ. ನಡುವೆ ಯಾವುದಾದರೂ ಒಂದು ಪದಕ್ಕೆ ಬೆರಳಿಟ್ಟು "ಇದೇನು?" ಅಂತ ಕೇಳಿ, ಗೊತ್ತಾಗುತ್ತದೆ. ಬೈಯಬೇಡಿ. ಹಾಲಿನ ಪ್ಯಾಕೆಟ್, ಬಸ್ಸಿನ ಬೋರ್ಡು, ಮದುವೆ ಪತ್ರಿಕೆ ಹೀಗೆ ಬಾಯಿಪಾಠ ಮಾಡದೇ ಇರುವುದನ್ನು ಓದಿಸಿ.

ಇನ್ನೊಂದು ಮಾತು. ನೆಂಟರು ಬಂದಾಗ "ಎಲ್ಲಿ, ಓದಿ ತೋರಿಸು" ಅಂತ ದಯವಿಟ್ಟು ಮಗುವನ್ನು ಎಲ್ಲರ ಮುಂದೆ ನಿಲ್ಲಿಸಬೇಡಿ. ಪಕ್ಕದ ಮನೆ ಮಗುವಿನ ಹೆಸರನ್ನೂ ಎತ್ತಬೇಡಿ.

"ನಮಗೇ ಓದೋಕೆ ಬರಲ್ಲ, ನಾವೇನು ಕಲಿಸೋದು" ಅಂತ ಕೆಲವರು ಸಂಕೋಚಪಡುತ್ತೀರಿ. ಮಗು ಓದುವಾಗ ಕೇಳಿ, "ಆಮೇಲೆ ಏನಾಯ್ತು?" ಅಂದರೆ ಸಾಕು. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಆಡುವವರು ಅದೇ ಮಾತಿನಲ್ಲಿ ಕತೆ ಹೇಳಿ. ಕತೆಯ ರುಚಿ ಹತ್ತಿದ ಮಗು ಪುಸ್ತಕದಲ್ಲೂ ಕತೆ ಹುಡುಕುತ್ತದೆ.

ಪಂಚಾಯಿತಿ ಲೈಬ್ರರಿಯಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಶಾಲೆಯಿಂದಲೂ ಇನ್ನು ಮುಂದೆ ಪ್ರತಿ ಶುಕ್ರವಾರ ಒಂದು ಕತೆ ಪುಸ್ತಕ ಮನೆಗೆ ಕಳಿಸುತ್ತೇವೆ, ಸೋಮವಾರ ವಾಪಸ್ ಕಳಿಸಿ. ಹಾಳೆ ಹರಿದರೆ, ಸಾರು ಚೆಲ್ಲಿದರೆ ಯಾರೂ ದಂಡ ಕೇಳುವುದಿಲ್ಲ. ಹರಿದೀತು ಅಂತ ಬೀರುವಿನ ಮೇಲೆ ಮಾತ್ರ ಇಡಬೇಡಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ