ಸರೋವರದ ನಡುವೆ ಮುಗಿಯದ ಮನೆ

ಪ್ರಿಯ ಮಂಜು,

ಮೇಸ್ತ್ರಿ ಕೈಕೊಟ್ಟ, ಮನೆ ಕೆಲಸ ಮುಗಿಯೋ ಲಕ್ಷಣವೇ ಇಲ್ಲ ಅಂತ ಗೋಳಾಡಿದ್ದೆಯಲ್ಲ, ನಿನಗೆ ಸಮಾಧಾನ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಉತ್ತರ ಇಟಲಿಯಲ್ಲಿ ಮಜ್ಜೋರೆ ಅಂತ ದೊಡ್ಡ ಸರೋವರವಿದೆ. ಅದರೊಳಗಿನ ಇಸೋಲಾ ಬೆಲ್ಲಾ ದ್ವೀಪದಲ್ಲಿ ಬೋರೊಮೆಯೊ ಮನೆತನದವರು 1632ರಲ್ಲಿ ಅರಮನೆ ಕಟ್ಟಲು ಕೈಹಾಕಿದರು. ಅದರ ದೊಡ್ಡ ಹಾಲ್ ಪೂರ್ತಿಯಾಗಿದ್ದು 1959ರಲ್ಲಿ!

ಸಾಮಾನ್ಯ ಕುಳಗಳಲ್ಲ ಇವರು. ಮಿಲಾನ್‌ನಲ್ಲಿ ಬ್ಯಾಂಕ್ ವ್ಯವಹಾರದಿಂದ ಮೇಲೆ ಬಂದವರು, ಆಮೇಲೆ ಸರೋವರದ ಸುತ್ತಲಿನ ಸೀಮೆಗೇ ಒಡೆಯರಾದರು. ಕ್ಯಾಥೊಲಿಕರ ಸಂತ ಕಾರ್ಲೋ ಬೋರೊಮೆಯೊ ಇದೇ ಮನೆಯವರು. ದ್ವೀಪ ಆಗ ಬರೀ ಬಂಡೆ, ಮೇಲೆ ಒಂದಷ್ಟು ಬೆಸ್ತರ ಮನೆಗಳು. ಅದೇ ಮನೆತನದ ಮೂರನೇ ಕಾರ್ಲೋ ಅನ್ನೋನು ಅದಕ್ಕೆ ಹೆಂಡತಿ ಇಸಬೆಲ್ಲಾಳ ಹೆಸರಿಟ್ಟು ಕೆಲಸ ಶುರುಮಾಡಿದ. ಹೆಂಡತಿ ಹೆಸರಲ್ಲಿ ಮನೆ ಕಟ್ಟಿಸೋದು ಎಲ್ಲ ಕಡೆ ಇದ್ದದ್ದೇ ಬಿಡು.

ಅದಕ್ಕೊಂದು ರೂಪ ಬಂದಿದ್ದು ಮಾತ್ರ ಮಗ ಆರನೇ ವಿಟಾಲಿಯಾನೋ ಕಾಲದಲ್ಲಿ. ಬಂಡೆ ಮೇಲೆ ತೋಟ ಬೇಕು ಅಂದ. ಮಣ್ಣನ್ನೂ ದೋಣಿಯಲ್ಲೇ ತರಬೇಕಾಯಿತು. ಒಂದರ ಮೇಲೊಂದು ಹತ್ತು ಹಂತಗಳ ತೋಟ 1671ರ ಹೊತ್ತಿಗೆ ಎದ್ದು ನಿಂತಿತು. ತುತ್ತತುದಿಯಲ್ಲಿ ಮನೆತನದ ಲಾಂಛನ, ಒಂಟಿಕೊಂಬಿನ ಕುದುರೆ. ಈಗ ಅಲ್ಲಿ ಬಿಳಿ ನವಿಲುಗಳು ಯಾರ ಹಂಗೂ ಇಲ್ಲದೆ ಓಡಾಡಿಕೊಂಡಿರುತ್ತವೆ.

ನನಗೆ ತುಂಬಾ ಹಿಡಿಸಿದ್ದು ಅರಮನೆಯ ಕೆಳಗಿನ ಆರು ಕೋಣೆಗಳು. ಗುಹೆ ಥರ ಮಾಡಿದ್ದಾರೆ. ಗೋಡೆಗೆ ಗಾರೆ ಬಳಿದು, ಕಪ್ಪು ಬಿಳಿ ನುಣುಪುಗಲ್ಲುಗಳನ್ನು ಒಂದೊಂದಾಗಿ ಒತ್ತಿದ್ದಾರೆ. ಬಳ್ಳಿ, ಸುರುಳಿ, ಕಮಾನು ಎಲ್ಲ ಆ ಕಲ್ಲಿನಲ್ಲೇ. ತಲೆಯೆತ್ತಿದರೆ ಮೇಲೂ ಅದೇ ಕಲ್ಲು. ಎಷ್ಟು ಜನರ ಕತ್ತು ಹಿಡಿದುಕೊಂಡಿತೋ! ಬೇಸಿಗೆಯಲ್ಲಿ ಅತಿಥಿಗಳು ತಣ್ಣಗೆ ಕೂರಲಿ ಅಂತ ಇಷ್ಟೆಲ್ಲ. ಮೇಲಿನ ಚಿತ್ರಪಟ, ಬಂಗಾರದ ಕೆಲಸ ಎಲ್ಲ ಬಂದವರ ಕಣ್ಣು ಕುಕ್ಕಲಿಕ್ಕೆ. ಮೈಗೆ ಹಿತವಾಗುವ ಜಾಗ ಇದೊಂದೇ ಅಂತ ನನಗನ್ನಿಸಿತು.

ಬಂದ ಅತಿಥಿಗಳೂ ಅಂಥಿಂಥವರಲ್ಲ. 1797ರಲ್ಲಿ ನೆಪೋಲಿಯನ್ ತನ್ನ ಹೆಂಡತಿ ಜೊಸೆಫೀನಳ ಜೊತೆ ಬಂದು ಉಳಿದಿದ್ದ. ಅವನು ಮಲಗಿದ್ದ ಕೋಣೆಯನ್ನು ಈಗಲೂ ತೋರಿಸುತ್ತಾರೆ. 1935ರ ಏಪ್ರಿಲ್‌ನಲ್ಲಿ ಇಲ್ಲಿನ ಸಂಗೀತದ ಕೋಣೆಯಲ್ಲಿ ಇಟಲಿಯ ಸರ್ವಾಧಿಕಾರಿ ಮುಸೊಲಿನಿ, ಬ್ರಿಟನ್ನಿನ ಪ್ರಧಾನಿ ಮ್ಯಾಕ್‌ಡೊನಾಲ್ಡ್, ಫ್ರಾನ್ಸಿನ ಪ್ರಧಾನಿ ಫ್ಲಾಂಡಿನ್ ಮತ್ತು ವಿದೇಶಾಂಗ ಮಂತ್ರಿ ಲಾವಲ್ ಕೂತು, ಹಿಟ್ಲರನನ್ನು ತಡೆಯಲು ಒಗ್ಗಟ್ಟಾಗಿರೋಣ ಅಂದರು. ಜೂನ್‌ನಲ್ಲಿ ಬ್ರಿಟನ್ ತಾನೇ ಹೋಗಿ ಜರ್ಮನಿ ಜೊತೆ ನೌಕಾಪಡೆಯ ಒಪ್ಪಂದ ಮಾಡಿಕೊಂಡಿತು. ಅಕ್ಟೋಬರ್‌ನಲ್ಲಿ ಮುಸೊಲಿನಿ ಇಥಿಯೋಪಿಯಾ ಮೇಲೆ ದಂಡೆತ್ತಿ ಹೋದ. ಅಲ್ಲಿಗೆ ಒಗ್ಗಟ್ಟಿನ ಕಥೆ ಮುಗೀತು.

ಇಷ್ಟಾದರೂ ದೊಡ್ಡ ಹಾಲ್ ಅರ್ಧಕ್ಕೇ ನಿಂತಿತ್ತು ನೋಡು. ಮಹಾಯುದ್ಧ ಮುಗಿದ ಮೇಲೆ, 1948ರಲ್ಲಿ, ಹತ್ತನೇ ವಿಟಾಲಿಯಾನೋ ಹಳೇ ಕಾಲದ ವಿನ್ಯಾಸದಂತೆಯೇ ಅದನ್ನು ಮತ್ತೆ ಎತ್ತಿಕೊಂಡ. ಯುರೋಪ್ ಇನ್ನೂ ಯುದ್ಧದಿಂದ ಸುಧಾರಿಸಿಕೊಳ್ಳುತ್ತಿದ್ದಾಗ ಈತನಿಗೆ ಮುತ್ತಜ್ಜಂದಿರ ಹಾಲ್‌ನ ಚಿಂತೆ! ಸತ್ಯ ಹೇಳಬೇಕೆಂದರೆ ಆ ಹಾಲ್ ನನಗೆ ಅಷ್ಟೇನೂ ಇಷ್ಟವಾಗಲಿಲ್ಲ, ತೀರಾ ನೀಟಾಗಿದೆ. ಆದರೆ ಅವನ ಹಟ ಇಷ್ಟವಾಯಿತು.

ಅರಮನೆ ಇವತ್ತಿಗೂ ಅದೇ ಮನೆತನದ್ದು. ಟಿಕೆಟ್ ತಗೊಂಡು ಯಾರು ಬೇಕಾದರೂ ನೋಡಬಹುದು. ಆದರೆ ಚಳಿಗಾಲದಲ್ಲಿ ಮುಚ್ಚಿರುತ್ತಾರೆ, ಬೇಸಿಗೆ ನೋಡಿಕೊಂಡೇ ಬಾ. ಸ್ಟ್ರೆಸಾ ಊರಿನಿಂದ ದೋಣಿ ಸಿಗುತ್ತದೆ. ಪಕ್ಕದಲ್ಲೇ ಬೆಸ್ತರ ದ್ವೀಪ ಅಂತ ಇನ್ನೊಂದಿದೆ, ಅಲ್ಲಿ ಈಗಲೂ ಜನ ವಾಸವಾಗಿದ್ದಾರೆ. ಮಧ್ಯಾಹ್ನದ ಊಟ ಅಲ್ಲೇ ಮಾಡೋಣ.

ಇಂತಿ ನಿನ್ನ ಗೆಳೆಯ