ಕೋತಿಯ ಮೇಲೂ ಕಂಪನಿ ಬೋರ್ಡು

ಮಾನ್ಯರೇ,

ಬೊಲಿವಿಯಾದ ಮಡಿಡಿ ಕಾಡಿನಲ್ಲಿ ಒಂದು ಪುಟ್ಟ ಕೋತಿ ಇದೆ. ನೆತ್ತಿಯ ಮೇಲೆ ಹೊಂಬಣ್ಣದ ಕೂದಲು, ಬಾಲದ ತುದಿ ಬಿಳಿ. ಅದರ ಲ್ಯಾಟಿನ್ ಹೆಸರಿನ, ಅಂದರೆ ವೈಜ್ಞಾನಿಕ ಹೆಸರಿನ ಅರ್ಥ 'ಬಂಗಾರದ ಅರಮನೆಯದು'. ಕೂದಲು ನೋಡಿ ಇಟ್ಟಿರಬೇಕು ಅಂದುಕೊಂಡಿದ್ದೆ. ಅಲ್ಲ! 2005ರಲ್ಲಿ ಗೋಲ್ಡನ್ ಪ್ಯಾಲೇಸ್ ಎಂಬ ಆನ್‌ಲೈನ್ ಜೂಜಿನ ಕಂಪನಿ ಹರಾಜಿನಲ್ಲಿ 6,50,000 ಡಾಲರ್ ಕೊಟ್ಟು ಕೊಂಡ ಹೆಸರದು.

ಆ ದುಡ್ಡು ಹೋದದ್ದು ಮಡಿಡಿ ರಾಷ್ಟ್ರೀಯ ಉದ್ಯಾನವನ್ನು ಕಾಯುವ ಕೆಲಸಕ್ಕೆ. ಹಾಗಾಗಿ ಸುಮ್ನೆ ಬೈಯಲು ಮನಸ್ಸಾಗುವುದಿಲ್ಲ. ಆದರೆ ಲ್ಯಾಟಿನ್ ಹೆಸರು ಒಮ್ಮೆ ಕೂತರೆ ಸುಲಭಕ್ಕೆ ಏಳುವುದಿಲ್ಲ. ನಾಳೆ ಕಂಪನಿ ಬಾಗಿಲು ಮುಚ್ಚಿದರೂ ಕೋತಿ ಅದರ ಬೋರ್ಡು ಹೊತ್ತುಕೊಂಡೇ ಇರಬೇಕು, ಅಲ್ವಾ?

ನಮ್ಮ ಉತ್ತರ ಕನ್ನಡದ ಕಪ್ಪೆಯೊಂದನ್ನು ನೋಡಿ. ರಾತ್ರಿ ಹೊತ್ತು ಹಳ್ಳದ ಬದಿಯಲ್ಲಿ ಗಂಡು ಕಪ್ಪೆ ಹಿಂಗಾಲಿನ ಮೇಲೆ ನಿಂತು, ಮುಂಗಾಲಿನಲ್ಲಿ ಕೆಸರು ಎತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ. ಥೇಟ್ ಮಡಕೆ ಮಾಡುವವರ ಕೈ. 2014ರಲ್ಲಿ ವಿಜ್ಞಾನಿಗಳು ಅದಕ್ಕೆ 'ನಿಕ್ಟಿಬಟ್ರಾಕಸ್ ಕುಂಬಾರ' ಎಂದು ಹೆಸರಿಟ್ಟರು. ಹೆಸರು ಕೇಳಿದರೇ ಕಪ್ಪೆ ಕಣ್ಣಮುಂದೆ ಬರುತ್ತದೆ. ಇದನ್ನೂ ಹರಾಜಿಗೆ ಇಟ್ಟಿದ್ದರೆ ಯಾವ ಸಿಮೆಂಟ್ ಕಂಪನಿಯ ಪಾಲಾಗುತ್ತಿತ್ತೋ!

ಕಾಡಿಗೆ ದುಡ್ಡು ಬೇಕು, ಜಾಸ್ತಿಯೇ ಬೇಕು. ಕೊಟ್ಟವರ ಹೆಸರನ್ನು ಕಾವಲುಗಾರರ ಜೀಪಿನ ಮೇಲೆ ದೊಡ್ಡದಾಗಿ ಬರೆಸಲಿ. ನಮ್ಮ ದೇವಸ್ಥಾನಗಳಲ್ಲಿ ಫ್ಯಾನಿನ ರೆಕ್ಕೆಯ ಮೇಲೆ ದಾನಿಗಳ ಹೆಸರು ಇರುತ್ತದೆ. ದೇವರ ಹೆಸರನ್ನು ಯಾರೂ ಬದಲಿಸಿಲ್ಲ.

– ಒಬ್ಬ ಓದುಗ, ಶಿರಸಿ