ಈ ವಾರದ ಮಾತು: ಲೆವೆಲ್ ಏರುವ ಬಗೆ

ಗೆಳೆಯರೇ, ಈ ವಾರ, ನಾವೇ ಒಂದು ಪಾತ್ರವಾಗಿ ಆಡುವ ವಿಡಿಯೋ ಆಟಗಳಾದ ರೋಲ್ ಪ್ಲೇಯಿಂಗ್ ಗೇಮ್‌ಗಳಲ್ಲಿ ಪಾತ್ರಗಳು ಲೆವೆಲ್ ಏರುವ, ಅಂದರೆ ಹಂತ ಹಂತವಾಗಿ ಬಲಗೊಳ್ಳುವ, ಅಪರೂಪದ ಬಗೆಗಳ ಬಗ್ಗೆ ಮಾತಾಡೋಣ. ಶನಿವಾರ ರಾತ್ರಿಯೊಳಗೆ ನಿಮಗೆ ಇಷ್ಟವಾದ ಒಂದನ್ನು ಬರೆದು ಹಾಕಿ.

ನನ್ನದು 2002ರ ಮೊರೋವಿಂಡ್. ಇಲ್ಲಿ ಶತ್ರುವನ್ನು ಕೊಂದಿದ್ದಕ್ಕೆ ಪಾಯಿಂಟ್ ಸಿಗುವುದಿಲ್ಲ. ಏನು ಮಾಡುತ್ತೀರೋ ಅದೇ ಬೆಳೆಯುತ್ತದೆ. ಓಡಿದರೆ ಓಟ, ಜಿಗಿದರೆ ಜಿಗಿತ, ಏಟು ತಿಂದರೆ ಕವಚ ತೊಟ್ಟು ಕಾದುವ ಪಳಗಿಕೆ. ನಾವು ಆರಿಸಿಕೊಂಡ ಮುಖ್ಯ ಮತ್ತು ಉಪ ಕೌಶಲಗಳು ಒಟ್ಟು 10 ಸಲ ಏರಿದ ಮೇಲೂ ಲೆವೆಲ್ ತಾನಾಗಿ ಏರುವುದಿಲ್ಲ. ಮಲಗಿ ಏಳಬೇಕು! ದುಡಿದದ್ದೆಲ್ಲ ನಿದ್ದೆಯಲ್ಲಿ ಮೈಗೂಡುತ್ತದೆ, ಎಷ್ಟು ಚಂದ ಅಲ್ವಾ? ಒಂದೂರಿಂದ ಇನ್ನೊಂದೂರಿಗೆ ನಾನು ನಡೆದದ್ದಕ್ಕಿಂತ ಜಿಗಿದದ್ದೇ ಜಾಸ್ತಿ.

ಇದಕ್ಕೂ ಹಳೆಯದು 1988ರ ಫೈನಲ್ ಫ್ಯಾಂಟಸಿ 2. ಅದರಲ್ಲಿ ಏಟು ತಿಂದು ಉಳಿದವರ ಜೀವಬಲ ಹೆಚ್ಚುತ್ತಿತ್ತು. ಹಾಗಾಗಿ ಆಟಗಾರರು ತಮ್ಮ ತಂಡದವರನ್ನೇ ಹೊಡೆದು ಬೆಳೆಸುತ್ತಿದ್ದರು!

ಒಂದು ಕೋರಿಕೆ. ಸುಮ್ನೆ ಹೆಸರು ಹಾಕಿ ಬಿಡಬೇಡಿ, ಅದು ಹೇಗೆ ನಡೆಯುತ್ತದೆ ಅಂತ ಎರಡು ಸಾಲು ಬರೆಯಿರಿ. ಕಥೆಯ ಗುಟ್ಟು ಮಾತ್ರ ಹೇಳಬೇಡಿ, ಇನ್ನೂ ಆಡದವರು ಗುಂಪಿನಲ್ಲಿದ್ದಾರೆ.